ಜಕಾತಿನ ದುಡ್ಡು ಎಲ್ಲಿಗೆ ಹೋಗುತ್ತದೆ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ವಿದ್ಯಾದಾನ ಎಂದರೆ ಮೊದಲು ನೆನಪಾಗುವುದು ಮಠಗಳ ಪ್ರಸಾದ ನಿಲಯ, ಆಮೇಲೆ 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆಎಲ್ಇ. ಮಸೀದಿಯ ಜಮಾತು, ಅಂಜುಮನ್ ಕಮಿಟಿಗಳ ದಾನದ ಮಾತು ಬಂದರೆ ಮಾತ್ರ ಚಹಾದಂಗಡಿಯ ಕಟ್ಟೆಯಲ್ಲಿ ಬಲ್ಲವರಿಗಿಂತ ಊಹಿಸುವವರೇ ಹೆಚ್ಚು.

“ಅವರ ಹುಡುಗರೆಲ್ಲ ಮದರಸಾಕ್ಕ ಹೋಗತಾರ, ದುಡ್ಡೂ ಅಲ್ಲಿಗೇ.” 2006ರ ಸಾಚಾರ್ ಸಮಿತಿಯ ವರದಿ ಹೇಳಿದ್ದೇ ಬೇರೆ: ದೇಶದಲ್ಲಿ ಶಾಲೆಗೆ ಹೋಗುವ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದರಸಾದಲ್ಲಿ ಓದುವವರು ನೂರಕ್ಕೆ ಮೂರೋ ನಾಲ್ಕೋ ಮಂದಿ. ಮುಂಜಾನೆಯೋ ಸಂಜೆಯೋ ಟೋಪಿ ಹಾಕಿಕೊಂಡು ಕುರಾನ್ ಓದಲು ಮಸೀದಿಗೆ ಹೋಗುವ ಹುಡುಗ ಹಗಲೆಲ್ಲ ಇರುವುದು ಸಾಮಾನ್ಯ ಶಾಲೆಯಲ್ಲೇ. ಉರ್ದು ಶಾಲೆಯೂ ಮದರಸಾ ಅಲ್ಲ. ಸರ್ಕಾರಿ ಉರ್ದು ಶಾಲೆಯಲ್ಲಿರುವುದು ರಾಜ್ಯದ್ದೇ ಪಠ್ಯಕ್ರಮ, ಅದೇ ಬಿಸಿಯೂಟ, ಜೊತೆಗೆ ಕನ್ನಡ ಪಾಠ. ಮನೆಯಲ್ಲೂ ಕನ್ನಡವನ್ನೇ ಆಡುವ ನದಾಫ, ಪಿಂಜಾರ ಮುಸ್ಲಿಂ ಕುಟುಂಬಗಳನ್ನಂತೂ ಈ ಊಹೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

“ಜಕಾತು ಕೂಡಿಸಿ ಶಾಲೆ ಕಟ್ಟಬಹುದಲ್ಲ?” ಈ ಪ್ರಶ್ನೆ ಮುಸ್ಲಿಮರೊಳಗೂ ಇದೆ. ಚಂದಾ ರಸೀದಿಯೊಂದನ್ನು ನೋಡಿ: ಜಕಾತ್, ಫಿತ್ರಾ, ಸದಕಾ, ಕುರ್ಬಾನಿ ಚರ್ಮ ಎಂದು ಬೇರೆ ಬೇರೆ ಸಾಲುಗಳಿರುತ್ತವೆ. ಒಂದರ ದುಡ್ಡು ಇನ್ನೊಂದಕ್ಕೆ ಬೆರೆಯಬಾರದೆಂದೇ ಈ ಏರ್ಪಾಡು. ಐವತ್ತೆರಡೂವರೆ ತೊಲ ಬೆಳ್ಳಿಯ ಬೆಲೆಯಷ್ಟು ಉಳಿತಾಯ ಒಂದು ಚಾಂದ್ರವರ್ಷ ಕೈಯಲ್ಲಿದ್ದರೆ ಅದರಲ್ಲಿ ಕಡ್ಡಾಯವಾಗಿ ಕೊಡಬೇಕಾದ ಶೇ 2.5 ಜಕಾತು. ಅದು ಯಾರಿಗೆ ಸಲ್ಲಬೇಕೆಂದು ಕುರಾನು ಎಂಟು ವರ್ಗಗಳನ್ನು ಹೆಸರಿಸಿದೆ. ನಮ್ಮ ಕಡೆ ಹೆಚ್ಚಿನವರು ಪಾಲಿಸುವ ಹನಫಿ ಪದ್ಧತಿಯಲ್ಲಿ ದುಡ್ಡು ಬಡವನ ಸ್ವಂತದ್ದಾಗಲೇಬೇಕು. ಗೋಡೆಗೆ, ಛಾವಣಿಗೆ, ಮಾಸ್ತರರ ಪಗಾರಕ್ಕೆ ಅದು ಬರುವುದಿಲ್ಲ; ಬಡ ಹುಡುಗಿಯ ನರ್ಸಿಂಗ್ ಫೀಸಿಗೆ ಬರುತ್ತದೆ. ಕಟ್ಟಡಕ್ಕೆ ಸದಕಾ, ಅಂದರೆ ಸ್ವಇಚ್ಛೆಯ ದಾನ ಬೇಕು, ಇಲ್ಲವೇ ವಕ್ಫ್ ಆಸ್ತಿಯ ಬಾಡಿಗೆ. ಕೊಡುವವರು ಎಷ್ಟೇ ಇದ್ದರೂ ಶಾಲೆಗಳು ಬೇಗ ಏಳದಿರುವುದಕ್ಕೆ ಇದೂ ಒಂದು ಕಾರಣ.

“ಎಲ್ಲಾ ಕೊಲ್ಲಿ ರೊಕ್ಕ.” ವಿದೇಶಿ ದೇಣಿಗೆ ಪಡೆಯುವ ಸಂಸ್ಥೆ 2010ರ ಎಫ್‌ಸಿಆರ್‌ಎ ಕಾಯ್ದೆಯಡಿ ನೋಂದಣಿಯಾಗಬೇಕು ಅಥವಾ ಮುಂಚಿತ ಅನುಮತಿ ಪಡೆಯಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಗೇ ಬರಬೇಕು. ದುಬೈಯಲ್ಲಿ ದುಡಿಯುವ ಭಾರತೀಯ ತನ್ನ ಗಳಿಕೆಯಲ್ಲಿ ಬ್ಯಾಂಕಿನ ಮೂಲಕ ಊರಿಗೆ ಕಳಿಸಿದ್ದನ್ನು ಕಾನೂನು ವಿದೇಶಿ ದೇಣಿಗೆ ಎನ್ನುವುದಿಲ್ಲ.

“ಅವರ ಕಾಲೇಜು ಅವರಿಗಷ್ಟೇ.” ಹುಬ್ಬಳ್ಳಿಯ ನೆಹರು ಕಾಲೇಜನ್ನು ನಡೆಸುವುದು ಅಂಜುಮನ್-ಎ-ಇಸ್ಲಾಂ ಎಂದು ಎಷ್ಟು ಮಂದಿಗೆ ಗೊತ್ತು? 1919ರಲ್ಲಿ ಶುರುವಾದ ಭಟ್ಕಳದ ಅಂಜುಮನ್, 1966ರಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಬೆಂಗಳೂರಿನಲ್ಲಿ ಕಟ್ಟಿದ ಅಲ್-ಅಮೀನ್, ಬೀದರಿನ ಶಾಹೀನ್ ಕೂಡ ಎಲ್ಲರ ಮಕ್ಕಳಿಗೂ ಪಾಠ ಹೇಳುತ್ತವೆ. ಜಕಾತು ಮಾತ್ರ ಬಹುಪಾಲು ವಿದ್ವಾಂಸರ ಪ್ರಕಾರ ಮುಸ್ಲಿಂ ಬಡವರಿಗೇ ಸಲ್ಲಬೇಕು. ಸದಕಾಕ್ಕೆ ಆ ಕಟ್ಟಿಲ್ಲ, ಯಾರಿಗಾದರೂ ಕೊಡಬಹುದು.

ಕೊನೆಯದು, ನನ್ನ ಲೆಕ್ಕದಲ್ಲಿ ಮಕ್ಕಳಿಗೆ ಹೆಚ್ಚು ನಷ್ಟ ಮಾಡಿರುವ ನಂಬಿಕೆ: “ಜಕಾತು ರಮಜಾನಿನಲ್ಲೇ ಕೊಡಬೇಕು.” ರಮಜಾನಿನಲ್ಲಿ ಪುಣ್ಯ ಹೆಚ್ಚೆಂದು ಜನ ಕಾಯುತ್ತಾರೆ, ಅಷ್ಟೆ. ಈದ್ ನಮಾಜಿಗೆ ಮುಂಚೆ ಕೊಡಬೇಕಾದದ್ದು ಫಿತ್ರಾ. ಜಕಾತಿನ ಗಡುವು ಅವರವರ ಉಳಿತಾಯಕ್ಕೆ ವರ್ಷ ತುಂಬಿದ ದಿನ. ಮುಂಗಡವಾಗಿ ಕೊಟ್ಟರೂ ನಡೆಯುತ್ತದೆ. ರಮಜಾನು ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2017ರಲ್ಲಿ ಅದು ಜೂನ್ ತಿಂಗಳಲ್ಲಿತ್ತು, ಕಾಲೇಜು ಪ್ರವೇಶದ ಹೊತ್ತಿಗೇ ಕೈಗೆ ದುಡ್ಡು. 2025ರಲ್ಲಿ ಮಾರ್ಚಿಗೇ ಬಂತು. ಈದ್‌ನೊಳಗೆ ಪೆಟ್ಟಿಗೆ ಖಾಲಿ ಮಾಡುವ ಜಮಾತಿನಲ್ಲಿ ಜೂನಿಗೆ ಫೀಸು ಕೇಳಿ ಬಂದ ಹುಡುಗನಿಗೆ ಕೊಡಲು ಏನು ಉಳಿದಿರುತ್ತದೆ? ಒಂದರಿಂದ ಎಂಟನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳಿಗಿದ್ದ ಕೇಂದ್ರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವೂ 2022-23ರಿಂದ ನಿಂತಿದೆ. ಮನೆಯ ಜಕಾತಿನಲ್ಲಿ ಒಂದು ಪಾಲನ್ನು ಮುಂಗಡವಾಗಿ ಮೇ-ಜೂನಿನಲ್ಲಿ ಕೊಡುತ್ತೇನೆಂದರೆ ಶಾಸ್ತ್ರದ ಅಡ್ಡಿಯೇನೂ ಇಲ್ಲ.