ಗೋಡೆಯ ಹೂಬಳ್ಳಿಯಲ್ಲಿ ಅಡಗಿದ್ದ ಪಾಷಾಣ

ಮನೆಯ ಕೋಣೆಗಳಲ್ಲೆಲ್ಲ ಚಿಕ್ಕದು ಬಚ್ಚಲುಮನೆ. ಆದರೆ ಚಿತ್ತಾರದ ವಾಲ್‌ಪೇಪರ್ ಕೊಳ್ಳಲು ಹೊರಟವರ ಕಣ್ಣು ಹಲವು ಬಾರಿ ಮೊದಲು ಬೀಳುವುದು ಅದರ ಮೇಲೆಯೇ. ಕಾರಣ ಸರಳ. ಕೋಣೆ ಚಿಕ್ಕದು, ಕೆಲವೇ ಸುರುಳಿ ಕಾಗದ ಸಾಕು, ಖರ್ಚು ಕಡಿಮೆ. ಹಜಾರದಲ್ಲಿ ಅತಿಯಾಯಿತು ಎನಿಸುವ ದೊಡ್ಡ ಹೂವು, ಬಳ್ಳಿ, ಹಕ್ಕಿಗಳು ಇಲ್ಲಿ ಚೆಂದವಾಗಿಯೇ ಕಾಣುತ್ತವೆ. ಬ್ರಿಟನ್ನಿನ ಮನೆಗಳಿಗೆ ಪರಿಚಿತವಾದ ಈ ಅಲಂಕಾರ ಇಂದು ಬೆಂಗಳೂರಿನ ಫ್ಲ್ಯಾಟುಗಳಿಗೂ ಬಂದಿದೆ.

ಆದರೆ ಕಾಗದಕ್ಕೂ ನೀರಿಗೂ ಎಣ್ಣೆ-ಸೀಗೆಕಾಯಿ ಸಂಬಂಧ. ತೇವದ ಕೋಣೆಯಲ್ಲಿ ಗೋಡೆಕಾಗದ ಬೂಷ್ಟು ಹಿಡಿಯುತ್ತದೆ, ಅಂಚು ಬಿಟ್ಟು ಸುರುಳಿಯಾಗುತ್ತದೆ. ಇಂದು ಅದರಿಂದ ಆಗುವ ನಷ್ಟ ಬಹುಮಟ್ಟಿಗೆ ಹಣದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಗಿರಲಿಲ್ಲ.

ಆವಿಯ ಲೆಕ್ಕ

ಬಿಸಿಗಾಳಿ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು, ತಂಪುಗಾಳಿ ಕಡಿಮೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ಆವಿಯನ್ನು ಹೊರಬಲ್ಲದು. 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ ಮಾತ್ರ. ಉಳಿದ 13 ಗ್ರಾಂ ನೀರಾಗಿ ಇಳಿಯಲೇಬೇಕು.

ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಬಚ್ಚಲಿನಲ್ಲಿ ಇರುವ ಗಾಳಿ 7.5 ಘನ ಮೀಟರ್. ಬಿಸಿನೀರಿನ ಸ್ನಾನ ಮುಗಿದಾಗ ಅಲ್ಲಿ ಆವಿ ತುಂಬಿದೆ ಎಂದುಕೊಳ್ಳಿ. ಕಿಟಕಿ ಮುಚ್ಚಿದ್ದು ಕೋಣೆ ಹತ್ತು ಡಿಗ್ರಿಯಷ್ಟು ತಣಿದರೆ ಸುಮಾರು 100 ಗ್ರಾಂ ನೀರು, ಅಂದರೆ ಅರ್ಧ ಲೋಟದಷ್ಟು, ಗೋಡೆ, ಕನ್ನಡಿ, ಬಾಗಿಲುಗಳ ಮೇಲೆ ಕೂರುತ್ತದೆ. ಇದು ದಿನವೂ ನಡೆಯುವ ಕೆಲಸ. ಹೆಂಚಾದರೆ ಒರೆಸಬಹುದು. ಕಾಗದ ಹೀರಿಕೊಳ್ಳುತ್ತದೆ. ಅದರ ಹಿಂದಿನ ಅಂಟು ಹಿಂದೆಲ್ಲ ಹಿಟ್ಟಿನದು, ಶಿಲೀಂಧ್ರಗಳಿಗೆ ಹಬ್ಬದೂಟ.

ಹಸಿರಿನ ಹುಚ್ಚು

ಈಗ ಇನ್ನೂರೈವತ್ತು ವರ್ಷ ಹಿಂದಕ್ಕೆ ಹೋಗೋಣ. ಆಮ್ಲಜನಕವನ್ನು ಕಂಡುಹಿಡಿದವರಲ್ಲಿ ಒಬ್ಬನಾದ ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಶೀಲೆ 1775ರಲ್ಲಿ ಒಂದು ಸೊಗಸಾದ ಹಸಿರು ಬಣ್ಣವನ್ನು ತಯಾರಿಸಿದ. ಅದು ತಾಮ್ರ ಮತ್ತು ಆರ್ಸೆನಿಕ್‌ಗಳ ಸಂಯುಕ್ತ. ಶಂಖಪಾಷಾಣ ಎಂದು ಹಿರಿಯರು ಹೆದರುತ್ತಿದ್ದ ವಿಷವೂ ಇದೇ ಆರ್ಸೆನಿಕ್‌ನದು. 1814ರಲ್ಲಿ ಇದೇ ಬಳಗದ ಇನ್ನೂ ಹೊಳಪಿನ ಹಸಿರು ಜರ್ಮನಿಯ ಷ್ವೈನ್‌ಫುರ್ಟ್ ಊರಿನಿಂದ ಬಂತು. ಬಟ್ಟೆ, ಕೃತಕ ಹೂವು, ಆಟಿಕೆ, ಎಲ್ಲಕ್ಕೂ ಅದೇ ಬಣ್ಣ. 1836ರಲ್ಲಿ ಬ್ರಿಟನ್ ಗೋಡೆಕಾಗದದ ಮೇಲಿನ ತೆರಿಗೆಯನ್ನು ತೆಗೆದುಹಾಕಿತು. ಮುದ್ರಣ ಯಂತ್ರಗಳೂ ಬಂದವು. ಸಿರಿವಂತರ ಸೊತ್ತಾಗಿದ್ದ ಹಸಿರು ಬಳ್ಳಿಗಳು ಬಡವರ ತೇವದ ಕೋಣೆಗಳನ್ನೂ ಹೊಕ್ಕವು.

ಮೊದಲ ಎಚ್ಚರಿಕೆ ಬಂದದ್ದು ಮೂಗಿನಿಂದ. ಹಸಿರು ಕಾಗದ ಅಂಟಿಸಿದ ತೇವದ ಕೋಣೆಗಳಲ್ಲಿ ಇಲಿಯ ವಾಸನೆಯಂಥದೊಂದು ಗಬ್ಬು ಇರುವುದನ್ನು ಜರ್ಮನ್ ರಸಾಯನಶಾಸ್ತ್ರಜ್ಞ ಲಿಯೋಪೋಲ್ಡ್ ಗ್ಮೆಲಿನ್ ಗಮನಿಸಿದ. 1839ರಲ್ಲಿ ಪತ್ರಿಕೆಯೊಂದರ ಮೂಲಕ ಜನರನ್ನು ಎಚ್ಚರಿಸಿದ. ಕೇಳಿದವರು ಕಡಿಮೆ.

1862ರಲ್ಲಿ ಲಂಡನ್ನಿನ ಲೈಮ್‌ಹೌಸ್ ಬಡಾವಣೆಯ ಒಂದೇ ಮನೆಯಲ್ಲಿ ನಾಲ್ಕು ಮಕ್ಕಳು ಒಂದರ ಹಿಂದೊಂದು ಸತ್ತವು. ಮೊದಲು ಗಂಟಲಮಾರಿ ಎಂದರು. ಕೊನೆಯ ಮಗುವಿಗೆ ಚಿಕಿತ್ಸೆ ಕೊಟ್ಟ ವೈದ್ಯ ಥಾಮಸ್ ಆರ್ಟನ್‌ಗೆ ಸಂಶಯ ಬಂದದ್ದು ಕೋಣೆಯ ಹಸಿರು ಕಾಗದದ ಮೇಲೆ. ಪರೀಕ್ಷಿಸಿದಾಗ ಅದರಲ್ಲಿ ಆರ್ಸೆನಿಕ್ ಇತ್ತು. ಆದರೂ ವಿಚಾರಣೆಯ ಪಂಚರು ಅದನ್ನು ಸಹಜ ಸಾವು ಎಂದೇ ತೀರ್ಮಾನಿಸಿದರು. ಅಂಥ ಕಾಗದ ಎಷ್ಟೋ ಮನೆಗಳಲ್ಲಿತ್ತು, ಅಲ್ಲಿನವರೆಲ್ಲ ಸತ್ತಿರಲಿಲ್ಲವಲ್ಲ ಎಂಬುದು ಆ ಕಾಲದ ಸಾಮಾನ್ಯ ವಾದ.

ಈ ವಾದವನ್ನು ನಂಬಿದವರಲ್ಲಿ ಹೆಸರಾಂತ ವಿನ್ಯಾಸಕಾರ ವಿಲಿಯಂ ಮಾರಿಸ್ ಕೂಡ ಒಬ್ಬ. ಅವನ ಹೂಬಳ್ಳಿಗಳ ವಿನ್ಯಾಸಗಳು ಇಂದಿಗೂ ಮಾರಾಟವಾಗುತ್ತಿವೆ. ಆರ್ಸೆನಿಕ್ ತೆಗೆಯುತ್ತಿದ್ದ ಡೆವನ್ ಪ್ರಾಂತದ ಗಣಿ ಕಂಪನಿಯಲ್ಲಿ ಅವನಿಗೆ ಷೇರುಗಳಿದ್ದವು. ಈ ಭಯವೆಲ್ಲ ವೈದ್ಯರ ಭ್ರಮೆ ಎಂಬ ಅರ್ಥದಲ್ಲಿ ಅವನು 1885ರಲ್ಲಿ ಪತ್ರ ಬರೆದ. ವಿಜ್ಞಾನಿ ಆಂಡ್ರ್ಯೂ ಮೆಹಾರ್ಗ್ 2003ರಲ್ಲಿ ಮಾರಿಸ್‌ನ ಹಳೆಯ ಕಾಗದವೊಂದನ್ನು ಪರೀಕ್ಷಿಸಿದಾಗ ಅದರ ಹಸಿರಿನಲ್ಲಿ ತಾಮ್ರವೂ ಆರ್ಸೆನಿಕ್ಕೂ ಸಿಕ್ಕಿದವು.

ವಿಷ ಗಾಳಿಗೆ ಹೇಗೆ ಬಂತು?

ಗೋಡೆಗೆ ಅಂಟಿದ ಬಣ್ಣ ಮನುಷ್ಯರ ಮೈ ಸೇರುವುದು ಹೇಗೆ? 1890ರ ದಶಕದಲ್ಲಿ ಇಟಲಿಯ ಬಾರ್ತಲೋಮಿಯೊ ಗೋಸಿಯೊ ಆಲೂಗಡ್ಡೆಯ ಮುದ್ದೆಗೆ ಆರ್ಸೆನಿಕ್ ಸೇರಿಸಿ ಬೂಷ್ಟು ಬೆಳೆಸಿದ. ಬೆಳ್ಳುಳ್ಳಿ ವಾಸನೆಯ ಅನಿಲವೊಂದು ಹೊರಬಂತು. ಅದು ಟ್ರೈಮೀಥೈಲ್ ಆರ್ಸೀನ್ ಎಂದು 1930ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಚಾಲೆಂಜರ್ ತೋರಿಸಿಕೊಟ್ಟ. ತೇವ, ಹಿಟ್ಟಿನಂಟು, ಬೂಷ್ಟು, ಹಸಿರು ಬಣ್ಣ: ಒಗಟು ಬಿಡಿಸಿದಂತಾಯಿತು.

ವಿಜ್ಞಾನ ಅಲ್ಲಿಗೇ ನಿಲ್ಲಲಿಲ್ಲ. ಈ ಅನಿಲ ನಂಬಿದಷ್ಟು ಘಾತುಕವಲ್ಲ ಎಂದು ವಿಲಿಯಂ ಕಲೆನ್ ಮತ್ತು ರೊನಾಲ್ಡ್ ಬೆಂಟ್ಲಿ 2005ರಲ್ಲಿ ವಾದಿಸಿದರು. ಹಾಗಾದರೆ ಉದುರುವ ಬಣ್ಣದ ಪುಡಿಯನ್ನು ಉಸಿರಾಡಿದ್ದು, ಮಕ್ಕಳು ಗೋಡೆ ಮುಟ್ಟಿ ಬೆರಳು ಬಾಯಿಗಿಟ್ಟದ್ದು, ಇವೇ ದೊಡ್ಡ ದಾರಿಗಳಿರಬೇಕು. ಕಾಗದದಲ್ಲಿ ವಿಷವಿತ್ತು ಎಂಬುದರಲ್ಲಿ ಮಾತ್ರ ಸಂಶಯವಿಲ್ಲ.

ನೆಪೋಲಿಯನ್ನನ ಕಥೆಯೂ ಇದೇ ಪಾಠವನ್ನು ಹೇಳುತ್ತದೆ. ಸೇಂಟ್ ಹೆಲೆನಾ ದ್ವೀಪದ ತೇವದ ಲಾಂಗ್‌ವುಡ್ ಮನೆಯಲ್ಲಿ ಅವನು 1821ರಲ್ಲಿ ಸತ್ತ. ಬಿಸಿನೀರಿನ ತೊಟ್ಟಿಯಲ್ಲಿ ಗಂಟೆಗಟ್ಟಲೆ ಕೂರುವುದು ಅವನ ಅಭ್ಯಾಸವಾಗಿತ್ತು. ಆ ಮನೆಯ ಗೋಡೆಕಾಗದದ ಚೂರೊಂದು ಹಳೆಯ ಪುಸ್ತಕದಲ್ಲಿ ಅಂಟಿಸಿಟ್ಟದ್ದು ಸಿಕ್ಕಿ, ಅದರಲ್ಲಿ ಆರ್ಸೆನಿಕ್ ಇರುವುದು 1982ರಲ್ಲಿ ಪ್ರಕಟವಾಯಿತು. ಗೋಡೆಯೇ ಕೊಲೆಗಾರ ಎಂದು ಹಲವರು ಹೇಳಿಬಿಟ್ಟರು. ಆದರೆ 2008ರಲ್ಲಿ ಇಟಲಿಯ ಸಂಶೋಧಕರು ಅವನ ಬಾಲ್ಯದ ಕೂದಲಲ್ಲೂ ಅಷ್ಟೇ ಆರ್ಸೆನಿಕ್ ಇರುವುದನ್ನು ಕಂಡರು. ಸಾವಿಗೆ ಹೊಟ್ಟೆಯ ಕ್ಯಾನ್ಸರ್ ಕಾರಣ ಎಂಬುದೇ ಇಂದು ಹೆಚ್ಚಿನವರು ಒಪ್ಪುವ ಮಾತು. ವಿಷ ಸಿಕ್ಕಿತೆಂದ ಮಾತ್ರಕ್ಕೆ ಸಾವಿನ ಕಾರಣ ಸಿಕ್ಕಿತೆಂದಲ್ಲ.

ಎಲ್ಲ ಒಗಟು ಬಿಡಿಸುವ ತನಕ ಕಾಯದೆ ಕೆಲಸ ಮಾಡಿದವನು ಅಮೆರಿಕದ ಮಿಷಿಗನ್ ಕೃಷಿ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ರಾಬರ್ಟ್ ಕೆಡ್ಜಿ. ಅವನು 1874ರಲ್ಲಿ ವಿಷಪೂರಿತ ಗೋಡೆಕಾಗದದ 86 ಮಾದರಿಗಳನ್ನೇ ಪುಟಗಳಾಗಿ ಹೊಲಿಸಿ ಪುಸ್ತಕ ಮಾಡಿದ. ನೂರು ಪ್ರತಿಗಳನ್ನು ರಾಜ್ಯದ ಗ್ರಂಥಾಲಯಗಳಿಗೆ ಕಳುಹಿಸಿದ. ಮುಟ್ಟಲು ಅಪಾಯಕಾರಿಯಾದ್ದರಿಂದ ಹೆಚ್ಚಿನ ಪ್ರತಿಗಳನ್ನು ಮುಂದೆ ನಾಶಮಾಡಲಾಯಿತು. ಉಳಿದ ಕೆಲವೇ ಪ್ರತಿಗಳಲ್ಲಿ ಒಂದರ ಪ್ರತಿ ಪುಟವನ್ನೂ ಇಂದು ಪ್ಲಾಸ್ಟಿಕ್ ಹೊದಿಕೆಯಲ್ಲಿ ಮುಚ್ಚಿಟ್ಟಿದ್ದಾರೆ.

ಬಚ್ಚಲಿಗೆ ಅಂಟಿಸುವ ಮುನ್ನ

ಇಂದಿನ ಗೋಡೆಕಾಗದದಲ್ಲಿ ಆ ಹಸಿರು ಇಲ್ಲ. ತೇವ ಮಾತ್ರ ಅಂದಿನದೇ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಆದ್ದರಿಂದ ಕಾಗದ ಕೊಳ್ಳುವ ಮೊದಲು ಗೋಡೆಯನ್ನು ಪರೀಕ್ಷಿಸಬೇಕು. ಇದು ಮಕ್ಕಳೇ ಮಾಡಬಹುದಾದ ಪ್ರಯೋಗ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಬಿಗಿಯಾಗಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಹನಿಗಳಿದ್ದರೆ ತೇವ ಗೋಡೆಯಿಂದಲೇ ಬರುತ್ತಿದೆ. ಅಲ್ಲಿ ಕಾಗದ ನಿಲ್ಲದು, ಮೊದಲು ಸೋರಿಕೆ ಸರಿಪಡಿಸಬೇಕು. ಹನಿಗಳು ಹೊರಮೈಯಲ್ಲಿದ್ದರೆ ಅದು ಕೋಣೆಯ ಆವಿ. ಕಿಟಕಿ ತೆರೆದಿಟ್ಟರೆ, ಗಾಳಿ ಹೊರದೂಡುವ ಫ್ಯಾನ್ ಹಾಕಿದರೆ ಬಹುಪಾಲು ತೊಂದರೆ ತೀರುತ್ತದೆ.

ನೀರು ಸಿಡಿಯುವ ಗೋಡೆಗೆ ಹೆಂಚೇ ಇರಲಿ. ಉಳಿದೆಡೆ ಒರೆಸಬಹುದಾದ ವಿನೈಲ್ ಲೇಪದ ಕಾಗದ, ಬೂಷ್ಟುನಿರೋಧಕ ಅಂಟು ಒಳ್ಳೆಯದು. ಕಾಗದದ ಹಿಂದೆ ಕಪ್ಪು ಚುಕ್ಕೆಗಳು ಮೂಡಿದರೆ ಅದರ ಮೇಲೆ ಇನ್ನೊಂದು ಪದರ ಅಂಟಿಸಿ ಮುಚ್ಚಬಾರದು. ಬೂಷ್ಟಿನ ಬೀಜಕಣಗಳು ಉಬ್ಬಸವಿದ್ದವರನ್ನು ಕಾಡುತ್ತವೆ. ಅಂಗಡಿಯಲ್ಲಿ ಹೂವಿನ ಅಂದ ನೋಡುವಾಗ ಕಾಗದವನ್ನು ಮಗುಚಿ, ಅದು ಯಾವುದರಿಂದ ಆದದ್ದು, ತೇವದ ಕೋಣೆಗೆ ಒಗ್ಗುತ್ತದೆಯೇ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಲೈಮ್‌ಹೌಸಿನ ಆ ಮನೆಯವರಿಗೆ ಇದನ್ನು ಕೇಳಬೇಕೆಂದು ಹೇಳಿಕೊಟ್ಟವರು ಯಾರೂ ಇರಲಿಲ್ಲ.