ಜನ್ಮವರ್ಷ ಸೊನ್ನೆಯಾದಾಗ

ಸುವರ್ಣ ಮಹೋತ್ಸವದ ಅಂಗವಾಗಿ ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ಗಣಕಯಂತ್ರಕ್ಕೆ ಅಳವಡಿಸುವ ಕಾರ್ಯವನ್ನು ಹಳೆಯ ವಿದ್ಯಾರ್ಥಿಗಳು ಕೈಗೊಂಡರು. ಅವುಗಳ ಬಹುಭಾಗ ನನ್ನ ಕೈಬರಹವೇ. ರಾಯದುರ್ಗ, ಮಡಕಶಿರಾ ಸೀಮೆಗಳ ಮಕ್ಕಳ ಜನ್ಮವರ್ಷಗಳನ್ನು ನಾನು ಕನ್ನಡ ಅಂಕಿಗಳಲ್ಲಿ ಬರೆಯುತ್ತಿದ್ದೆನು. ಈಚೆಗೆ ಪರಿಶೀಲನೆಗೆ ಕುಳಿತಾಗ ಒಬ್ಬ ವಿದ್ಯಾರ್ಥಿನಿಯ ಜನ್ಮವರ್ಷ 0 ಎಂದೂ, ಮತ್ತೊಬ್ಬನದು 19 ಎಂದೂ ಪರದೆಯ ಮೇಲೆ ಕಂಡಿತು. ಯಂತ್ರವು ಯಾವ ದೋಷವನ್ನೂ ಸೂಚಿಸಿರಲಿಲ್ಲ. ಜನ್ಮದಿನಾಂಕಕ್ಕೆ ಶಾಲೆಯ ಪುಸ್ತಕವೊಂದೇ ಆಧಾರವಾಗಿರುವವರ ಗತಿಯೇನು?

ಕಾರಣವನ್ನು ಸರಳವಾಗಿ ನಿವೇದಿಸುತ್ತೇನೆ. ೧೯೭೦ ಎಂಬುದು ನಮಗೆ ಸಂಖ್ಯೆ. ಗಣಕಕ್ಕೆ ಮೊದಲು ಅದು ಕೇವಲ ಅಕ್ಷರಗಳ ಸಾಲು. ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಒಂದು, ತೆಲುಗಿನ ಒಂದು, ಇಂಗ್ಲಿಷಿನ ಒಂದು, ಇವಕ್ಕೆ ಬೇರೆ ಬೇರೆ ಸಂಕೇತಗಳಿವೆ. ‘ಎಸ್‌ಕ್ಯೂಲೈಟ್’ ಎಂಬ ದತ್ತಾಂಶ ತಂತ್ರಾಂಶಕ್ಕೆ ೧೯೭೦ನ್ನು ಪೂರ್ಣಾಂಕವಾಗಿ ಪರಿವರ್ತಿಸೆಂದರೆ, ಕನ್ನಡ ಅಂಕಿಯನ್ನು ಗುರುತಿಸಲಾರದೆ 0 ಕೊಡುತ್ತದೆ. ಪುಸ್ತಕದಲ್ಲಿ 19 ಮುದ್ರಿತವಾಗಿ, ಮುಂದಿನ ೭೦ನ್ನು ನಾನು ಬರೆದಿದ್ದ ಕಡೆ 19ಕ್ಕೇ ನಿಲ್ಲುತ್ತದೆ. ‘ಪೋಸ್ಟ್‌ಗ್ರೆಸ್’ ಹಾಗಲ್ಲ, ದೋಷವೆಂದು ಸಾರಿ ನಿರಾಕರಿಸುತ್ತದೆ. ತಿಳಿಯದ್ದನ್ನು ತಿಳಿಯದೆನ್ನುವ ವಿದ್ಯಾರ್ಥಿಯೇ ಮೇಲಲ್ಲವೆ?

ಪರಿಹಾರವಿದೆ. ಪೈಥಾನ್ ಭಾಷೆಯ ಪೂರ್ಣಾಂಕ ಪರಿವರ್ತನೆ ಕನ್ನಡ ಅಂಕಿಗಳನ್ನು ಅರಿಯುತ್ತದೆ; ಕೋಷ್ಟಕಕ್ಕೆ ಸೇರಿಸುವ ಮುನ್ನವೇ ಅದರಿಂದ ಮಾರ್ಪಡಿಸಬೇಕು. ಯಾವುದಾದರೂ ಸಾಲು ವಿಫಲವಾದರೆ ಇಡೀ ಕೆಲಸವನ್ನು ನಿಲ್ಲಿಸದೆ, ಆ ಸಾಲನ್ನು ಕಾರಣಸಹಿತ ಪ್ರತ್ಯೇಕ ಪಟ್ಟಿಗೆ ಸೇರಿಸಬೇಕು. ವರ್ಷದ ಸ್ಥಾನದಲ್ಲಿ ಸೊನ್ನೆ ಹಾಕದೆ ಖಾಲಿ ಬಿಡಬೇಕು. ಖಾಲಿಯು ಅಜ್ಞಾನ, ಸೊನ್ನೆಯು ಅಸತ್ಯ. 5-6-1970 ಎಂಬುದು ಜೂನ್ 5ರ ಬದಲು ಮೇ 6 ಆದರೂ ಯಂತ್ರ ಮೌನವಾಗಿರುತ್ತದೆ. ಆದುದರಿಂದ ದಿನ, ತಿಂಗಳುಗಳ ಕ್ರಮವನ್ನು ಮೊದಲೇ ನಿಗದಿಪಡಿಸಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಮೂಲ ಬರಹವನ್ನು ಬೇರೊಂದು ಅಂಕಣದಲ್ಲಿ ಯಥಾವತ್ತಾಗಿ ಉಳಿಸಬೇಕು. ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಹಾಗೆಂದು ಹಳೆಯ ಪುಸ್ತಕದ ‘ಅನಂತಪುರ ಜಿಲ್ಲೆ’ಯನ್ನು ತಿದ್ದಲಾಗದು. ಅಂಕಿಗಳ ವಿಷಯವೂ ಹಾಗೆಯೇ.

ಆ ಇಬ್ಬರ ವರ್ಷಗಳನ್ನು ಮೂಲ ಪುಸ್ತಕ ನೋಡಿ ಸರಿಪಡಿಸಿದ್ದಾಯಿತು. ಕನ್ನಡ ಅಂಕಿ ಬಳಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ: ಉತ್ಸವಕ್ಕೆ ಬಂದಾಗ ತಮ್ಮ ಹೆಸರಿನ ಸಾಲನ್ನು ಒಮ್ಮೆ ಪರದೆಯ ಮೇಲೂ ಪುಸ್ತಕದಲ್ಲೂ ಹೋಲಿಸಿ ನೋಡಿರಿ. ನನ್ನ ಕಣ್ಣು ಈಗ ಮಂದವಾಗಿದೆ, ನಿಮ್ಮದು ಚುರುಕಾಗಿದೆ.