ಎಂಟನೇ ತರಗತಿಗೆ ನಿಲ್ಲುವ ಕಾಯ್ದೆ

ಕರ್ನಾಟಕದ ಸರ್ಕಾರಿ ಶಾಲೆಗಳನ್ನು ಕಟ್ಟಿದ್ದರಲ್ಲೂ ತಿದ್ದಿದ್ದರಲ್ಲೂ ಕಾಯ್ದೆಗಳ ಪಾಲು ದೊಡ್ಡದು. ಮಗು ಯಾವ ವಯಸ್ಸಿಗೆ ಶಾಲೆ ಸೇರಬೇಕು, ಶಾಲೆ ಮನೆಯಿಂದ ಎಷ್ಟು ದೂರವಿರಬಹುದು, ಶಿಕ್ಷಕರ ವರ್ಗಾವಣೆ ಹೇಗೆ ನಡೆಯಬೇಕು ಎಂಬುದಕ್ಕೆಲ್ಲ ಕಾನೂನಿನ ಆಧಾರವಿದೆ. ಅದೇ ಮಗು ಮುಂದೆ ಯಾವ ಕಸುಬು ಕಲಿಯಬೇಕು, ಅದನ್ನು ಯಾರು ಕಲಿಸಬೇಕು ಎಂಬಲ್ಲಿಗೆ ಬಂದರೆ ಯೋಜನೆ, ಸುತ್ತೋಲೆ, ಸರ್ಕಾರಿ ಆದೇಶಗಳಷ್ಟೇ ಸಿಗುತ್ತವೆ. ದಾವಣಗೆರೆಗೂ ಹರಿಹರಕ್ಕೂ ನಡುವೆ ಇರುವ ಬಾತಿಯಂಥ ಊರಿನ ಮಕ್ಕಳಿಗೆ ಈ ವ್ಯತ್ಯಾಸ ನೇರವಾಗಿ ತಟ್ಟುತ್ತದೆ. ಅವರ ಒಂದು ಮಗ್ಗುಲಿಗೆ ಹತ್ತಿ ಗಿರಣಿಗಳಿಂದ ಬೆಳೆದ ದಾವಣಗೆರೆ, ಇನ್ನೊಂದಕ್ಕೆ ಲೇತ್ ಯಂತ್ರಗಳಿಂದ ಹೆಸರಾದ ಹರಿಹರ. ಎರಡೂ ಕೈಕೆಲಸ ಬಲ್ಲವರನ್ನು ಬೇಡಿದ ಊರುಗಳು.

ಈ ಭಾಗದ ಶಾಲಾ ಕಾನೂನಿನ ಚರಿತ್ರೆಯನ್ನು ತುಂಗಭದ್ರಾ ನದಿಯೇ ಎರಡಾಗಿ ಸೀಳಿತ್ತು. ಹರಿಹರದ ದಡ ಮೈಸೂರು ಸಂಸ್ಥಾನದ್ದು. ಆಚೆಯ ರಾಣೆಬೆನ್ನೂರು ಸೀಮೆ ಮುಂಬೈ ಪ್ರಾಂತ್ಯದ್ದು. ಬ್ರಿಟಿಷ್ ಭಾರತದಲ್ಲಿ ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ತಂದ ಕಡ್ಡಾಯ ಶಿಕ್ಷಣದ ಮಸೂದೆ ಬಿದ್ದುಹೋದರೆ, ಮೈಸೂರಿನಲ್ಲಿ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲೇ, ಪ್ರಾಥಮಿಕ ಶಿಕ್ಷಣ ರೆಗ್ಯುಲೇಷನ್ ಜಾರಿಗೆ ಬಂತು. ಕಡ್ಡಾಯ ಆಯ್ದ ಊರುಗಳಿಗಷ್ಟೇ ಅನ್ವಯಿಸಿತಾದರೂ, ಮಗುವನ್ನು ಶಾಲೆಗೆ ಕಳಿಸುವುದು ತಂದೆತಾಯಿಯ ಮರ್ಜಿಗೆ ಬಿಟ್ಟ ಮಾತಲ್ಲ ಎಂಬ ತತ್ವ ಅಲ್ಲಿ ನೆಲೆಯೂರಿತು. ಮುಂಬೈ ಪ್ರಾಂತ್ಯದ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದದ್ದು 1923ರಲ್ಲಿ. ಹೀಗೆ ಒಂದೇ ಹೊಳೆಯ ನೀರು ಕುಡಿದ ಮಕ್ಕಳು ಬೇರೆ ಬೇರೆ ಕಾನೂನಿನಡಿ ಅಕ್ಷರ ಕಲಿತರು. 1956ರ ಏಕೀಕರಣ ಎರಡು ದಡಗಳನ್ನು ಒಂದೇ ರಾಜ್ಯಕ್ಕೆ ತಂದಿತು. 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಅವೆರಡನ್ನೂ ಒಂದೇ ಕಾನೂನಿನಡಿ ತಂದಿತು.

ಸಂವಿಧಾನದ 42ನೇ ತಿದ್ದುಪಡಿ ಶಿಕ್ಷಣವನ್ನು ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಸರಿಸಿತು. ಅಲ್ಲಿಂದೀಚೆಗೆ ಕೇಂದ್ರದ ಕಾನೂನಿಗೆ ಅಡ್ಡಬರಬಹುದಾದ ರಾಜ್ಯದ ಕಾಯ್ದೆ ಊರ್ಜಿತವಾಗಬೇಕಾದರೆ ರಾಷ್ಟ್ರಪತಿಗಳ ಅಂಕಿತ ಬೇಕು. ಕರ್ನಾಟಕ ಶಿಕ್ಷಣ ಕಾಯ್ದೆಯ ಹೆಸರಿನಲ್ಲಿ 1983 ಎಂದಿದ್ದರೂ ಅಂಕಿತ ಸಿಕ್ಕಿದ್ದು 1993ರಲ್ಲಿ, ಜಾರಿಗೆ ಬಂದದ್ದು 1995ರಲ್ಲಿ. ಒಂದು ತಲೆಮಾರಿನ ಮಕ್ಕಳು ಶಾಲೆ ಮುಗಿಸುವಷ್ಟು ಕಾಲ ಅದಕ್ಕೆ ಹಿಡಿಯಿತು. ರಾಜ್ಯದ ಶಾಲೆಗಳ ಮಾನ್ಯತೆ, ಪಠ್ಯಕ್ರಮ, ಅನುದಾನ, ಸಿಬ್ಬಂದಿಯ ಸೇವಾ ನಿಯಮ ಎಲ್ಲಕ್ಕೂ ಇಂದಿಗೂ ಇದೇ ಮೂಲ ಕಾಯ್ದೆ. ಇದರ 7ನೇ ಕಲಂ ಪಠ್ಯಕ್ರಮದಲ್ಲಿ ಸೇರಿಸಬಹುದಾದ ವಿಷಯಗಳ ನಡುವೆ ಸಮಾಜೋಪಯೋಗಿ ಉತ್ಪಾದಕ ಕೆಲಸ ಮತ್ತು ಕಾರ್ಯಾನುಭವವನ್ನೂ ಹೆಸರಿಸುತ್ತದೆ. ಆದರೆ ಅದು ‘ಸೇರಿಸಬಹುದು’ ಎಂಬಲ್ಲಿಗೇ ನಿಂತಿತು. ಹುದ್ದೆ, ಕಾರ್ಯಾಗಾರ, ಹಣ ಯಾವುದನ್ನೂ ಅದು ಖಾತರಿಪಡಿಸಲಿಲ್ಲ.

ಆದೇಶವೊಂದು ಕಾಯ್ದೆಯ ಬಲ ಪಡೆದಾಗ ಏನಾಗುತ್ತದೆ ಎಂಬುದಕ್ಕೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಒಳ್ಳೆಯ ಉದಾಹರಣೆ. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಹಿನ್ನೆಲೆಯಲ್ಲಿ 2001ರ ಸರ್ಕಾರಿ ಆದೇಶದಿಂದ ಅದು ಹುಟ್ಟಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಪೋಷಕರೇ ಬಹುಪಾಲಿರುವ ಶಾಲಾ ಸಮಿತಿಯನ್ನು ಕಡ್ಡಾಯ ಮಾಡಿತು. ಸರ್ಕಾರಗಳು ಬದಲಾದರೂ ಸಮಿತಿ ಉಳಿಯಿತು. ಬಿಸಿಯೂಟದ ಗುಣಮಟ್ಟ, ಶಿಕ್ಷಕರ ಕೊರತೆ, ಸೋರುವ ಚಾವಣಿಯ ಬಗ್ಗೆ ಹಳ್ಳಿಯ ತಾಯಂದಿರು ಇಂದು ಅಧಿಕಾರದಿಂದ ಕೇಳಬಲ್ಲರು.

ಆದರೆ ಶಿಕ್ಷಣದ ಈ ಹಕ್ಕು 6ರಿಂದ 14 ವರ್ಷದವರಿಗೆ ಮಾತ್ರ. ಎಂಟನೇ ತರಗತಿ ಮುಗಿದ ದಿನ ಮಗು ಕಾಯ್ದೆಯ ಆಸರೆಯಿಂದ ಹೊರಬೀಳುತ್ತದೆ. ಬಾಲಕಾರ್ಮಿಕ ಕಾನೂನು 2016ರ ತಿದ್ದುಪಡಿಯ ನಂತರವೂ 14 ದಾಟಿದವರಿಗೆ ಅಪಾಯಕಾರಿಯಲ್ಲದ ದುಡಿಮೆಗೆ ಅವಕಾಶ ಕೊಡುತ್ತದೆ. ಹೀಗಾಗಿ ಒಂಬತ್ತನೇ ತರಗತಿಯ ಬೆಂಚು ಮತ್ತು ಗ್ಯಾರೇಜಿನ ಕೆಲಸ ಎರಡೂ ಒಂದೇ ವಯಸ್ಸಿನಲ್ಲಿ ಎದುರಾಗುತ್ತವೆ. ಬಡ ಮನೆಯ ಹುಡುಗನಿಗೆ ಗ್ಯಾರೇಜು ಮೊದಲ ವಾರದಿಂದಲೇ ಕೂಲಿ ಕೊಡುತ್ತದೆ. ಶಾಲೆ ಯಾವ ಕೆಲಸವನ್ನೂ ಕಲಿಸದಿದ್ದರೆ ಅವನನ್ನು ಹಿಡಿದಿಡುವುದು ಕಷ್ಟ.

ಶಾಲೆಯೊಳಗೇ ಕಸುಬು ಕಲಿಸುವ ಯತ್ನ ಕರ್ನಾಟಕಕ್ಕೆ ಹೊಸದಲ್ಲ. ಪದವಿಪೂರ್ವ ಹಂತದಲ್ಲಿ ವೃತ್ತಿ ಶಿಕ್ಷಣ ಆರಂಭಿಸಿದ ಮೊದಲ ರಾಜ್ಯಗಳಲ್ಲಿ ಇದೂ ಒಂದು. 1977–78ರಲ್ಲಿ ಶುರುವಾದ ಎರಡು ವರ್ಷದ ಕೋರ್ಸುಗಳು ಜನರ ಬಾಯಲ್ಲಿ ‘ಜೆಒಸಿ’ ಎಂದೇ ಪ್ರಸಿದ್ಧ. ವಿದ್ಯುತ್ ವೈರಿಂಗ್, ರೇಷ್ಮೆ, ಲೆಕ್ಕಪತ್ರದಂಥ ವಿಷಯಗಳನ್ನು ಸಾಮಾನ್ಯ ಪಿಯು ಕಾಲೇಜುಗಳಲ್ಲೇ ಕಲಿಯಬಹುದಿತ್ತು. ದುಡಿಮೆಗೆ ಬೇಗ ಇಳಿಯಬೇಕಾದ ಮಕ್ಕಳಿಗೆ ಅದು ಮರ್ಯಾದೆಯ ದಾರಿ. ಆದರೆ ಪಾಠ ಮಾಡುವವರು ದಶಕಗಳ ಕಾಲ ಅರೆಕಾಲಿಕರಾಗಿಯೇ ಉಳಿದರು, ಕೋರ್ಸುಗಳು ಸೊರಗಿ ಕೊನೆಗೆ ನಿಂತವು. 2011ರಲ್ಲಿ ವಿಶೇಷ ಕಾಯ್ದೆಯೊಂದು ಬಂತು. ಅದು ಬಂದದ್ದು ಆ ಸಿಬ್ಬಂದಿಯನ್ನು ಸರ್ಕಾರಿ ಸೇವೆಗೆ ವಿಲೀನಗೊಳಿಸಲು. ಅವರಿಗೆ ಸಿಕ್ಕ ನ್ಯಾಯ ಪ್ರಶ್ನಾತೀತ. ಆದರೆ ವಿದ್ಯಾರ್ಥಿಯ ಪಾಲಿನ ಕೋರ್ಸನ್ನು ಉಳಿಸುವ ಕಾನೂನು ಬರಲೇ ಇಲ್ಲ. ರಾಜ್ಯದ ವೃತ್ತಿ ಶಿಕ್ಷಣದ ಇತಿಹಾಸದಲ್ಲಿ ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿಲ್ಲ.

ಈಗ ಆ ಜಾಗದಲ್ಲಿರುವುದು ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು, ಎನ್‌ಎಸ್‌ಕ್ಯುಎಫ್. ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದ ಆಟೊಮೊಬೈಲ್, ಮಾಹಿತಿ ತಂತ್ರಜ್ಞಾನ, ರಿಟೇಲ್, ಸೌಂದರ್ಯ ಆರೈಕೆಯಂಥ ವಿಷಯಗಳಿವೆ. ಎಸ್‌ಎಸ್‌ಎಲ್‌ಸಿಯಲ್ಲಿ ತೃತೀಯ ಭಾಷೆಯ ಬದಲಿಗೆ ಇದನ್ನು ಬರೆಯಬಹುದು. ಅಂಕಪಟ್ಟಿಯಲ್ಲಿ ಸ್ಥಾನ ಸಿಕ್ಕಿದ್ದು ಮುಖ್ಯ ಹೆಜ್ಜೆಯೇ. ಆದರೂ ಇದು ಯೋಜನೆಯ ಅನುದಾನದ ಮೇಲೆ ನಿಂತ ಕೆಲಸ. ಗಣಿತದ ಮೇಷ್ಟ್ರಿಗೆ ಇರುವಂತೆ ಆಟೊಮೊಬೈಲ್ ಬೋಧಕರಿಗೆ ಕಾಯಂ ಹುದ್ದೆಯಿಲ್ಲ.

ಶಾಲೆಯ ಹೊರಗಿನ ತರಬೇತಿಯ ಕಥೆ ಬೇರೆ. ಐಟಿಐಗಳಲ್ಲಿ ವೆಲ್ಡರ್‌ನಂಥ ಕೆಲವು ವೃತ್ತಿಗಳಿಗೆ ಎಂಟನೇ ತರಗತಿ ಸಾಕು. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್‌ಗೆ ಎಸ್‌ಎಸ್‌ಎಲ್‌ಸಿ ಬೇಕು. ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಸರ್ಕಾರ 4,600 ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದಲ್ಲಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿತು. 2022ರ ಜೂನ್‌ನಲ್ಲಿ ಅವು ಲೋಕಾರ್ಪಣೆಗೊಂಡವು. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಜಿಟಿಟಿಸಿ, ಹರಿಹರದಲ್ಲೂ ಇದೆ.

ಹರಿಹರಕ್ಕೆ ಈ ಸಂಸ್ಥೆ ಒಪ್ಪುತ್ತದೆ. 1941ರಲ್ಲಿ ಇಲ್ಲಿ ನೆಲೆಗೊಂಡ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್‌ಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳಿಸಿತು, ಎಷ್ಟೋ ಕುಟುಂಬಗಳನ್ನು ಸಾಕಿತು. ಆ ಕಾರ್ಖಾನೆ ಮುಚ್ಚಿದಾಗ, ದಾವಣಗೆರೆಯ ಗಿರಣಿಗಳು ಒಂದೊಂದಾಗಿ ನಿಂತಾಗ, ಒಂದೇ ಯಂತ್ರದ ಮುಂದೆ ಆಯುಷ್ಯ ಕಳೆದವರಿಗೆ ಬೇರೆ ಬದುಕು ಹುಡುಕುವುದು ಕಠಿಣವಾಯಿತು. ವೃತ್ತಿ ಶಿಕ್ಷಣಕ್ಕೆ ಗಟ್ಟಿ ಶಾಲಾ ಶಿಕ್ಷಣದ ತಳಪಾಯ ಏಕೆ ಬೇಕು ಎಂಬುದು ಇಲ್ಲಿ ತಿಳಿಯುತ್ತದೆ. ಓದು, ಗಣಿತ, ನಕ್ಷೆ ಓದುವ ಜಾಣ್ಮೆ ಇದ್ದವರು ಹೊಸ ಯಂತ್ರವನ್ನು ಮತ್ತೆ ಕಲಿಯಬಲ್ಲರು. ಆದರೆ ಶಾಲೆ ಒಂದು ಇಲಾಖೆಯಡಿ, ಐಟಿಐ ಮತ್ತು ಜಿಟಿಟಿಸಿ ಕೌಶಲಾಭಿವೃದ್ಧಿ ಇಲಾಖೆಯಡಿ, ಪಾಲಿಟೆಕ್ನಿಕ್ ಉನ್ನತ ಶಿಕ್ಷಣದಡಿ ಇವೆ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು ಎಂಬಂಥ ಉಪಯುಕ್ತ ಮಾಹಿತಿಯನ್ನು ಹತ್ತನೇ ತರಗತಿಯ ಮಗುವಿಗೆ ತಿಳಿಸುವ ಹೊಣೆ ಈ ಮೂರರಲ್ಲಿ ಯಾರದ್ದೂ ಅಲ್ಲ.

ಇತ್ತೀಚಿನ ಕೆಲವು ಬದಲಾವಣೆಗಳು ಸರಿಯಾದ ದಿಕ್ಕಿನಲ್ಲಿವೆ. 2018–19ರಲ್ಲಿ 176 ಶಾಲೆಗಳಿಂದ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳು ಎಲ್‌ಕೆಜಿಯಿಂದ ದ್ವಿತೀಯ ಪಿಯುವರೆಗೆ ಒಂದೇ ಆವರಣದಲ್ಲಿ ಕಲಿಸುತ್ತವೆ. ಪರೀಕ್ಷಾ ಮಂಡಳಿ ಕಾಯ್ದೆಯ 2022ರ ತಿದ್ದುಪಡಿ ಎಸ್‌ಎಸ್‌ಎಲ್‌ಸಿ ಮತ್ತು ಪಿಯು ಪರೀಕ್ಷೆಗಳನ್ನು ಒಂದೇ ಮಂಡಳಿಗೆ ಒಪ್ಪಿಸಿತು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿ ಎರಡು ವರ್ಷ ಪೂರ್ವ ಪ್ರಾಥಮಿಕ, ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢ ಎಂಬ ವ್ಯವಸ್ಥೆಯನ್ನು ಸೂಚಿಸಿ, ಶಿಕ್ಷಣ ಹಕ್ಕನ್ನು 18 ವರ್ಷದವರೆಗೆ ವಿಸ್ತರಿಸಬೇಕೆಂದಿದೆ.

ಈ ಶಿಫಾರಸು ವರದಿಯಲ್ಲೇ ಉಳಿಯಬಾರದು. 18ರವರೆಗಿನ ಹಕ್ಕು ಕಾಯ್ದೆಯಾಗುವಾಗ ಅದರಲ್ಲಿ ವೃತ್ತಿ ಬೋಧಕರ ಕಾಯಂ ಹುದ್ದೆ, ಪ್ರೌಢಶಾಲೆಯಿಂದ ಐಟಿಐ, ಪಾಲಿಟೆಕ್ನಿಕ್‌ಗೆ ಹೋಗಿಬರುವ ದಾರಿ, ತಾಲ್ಲೂಕು ಮಟ್ಟದಲ್ಲಿ ಮೂರೂ ಇಲಾಖೆಗಳ ಜಂಟಿ ಹೊಣೆ ಸ್ಪಷ್ಟ ಕಲಂಗಳಾಗಿ ಬರಬೇಕು. ಹಾಗೆ ಬಂದರೆ ಬಾತಿಯ ಹುಡುಗಿಯೊಬ್ಬಳು ತನ್ನ ಪ್ರೌಢಶಾಲೆಯಲ್ಲಿ ಇರುವಾಗಲೇ ಹರಿಹರದ ಜಿಟಿಟಿಸಿಯ ಯಂತ್ರಗಳ ಮೇಲೆ ಕಲಿಯುವುದು ಅವಳ ಹಕ್ಕಾಗುತ್ತದೆ, ಮುಂದಿನ ವರ್ಷದ ಅನುದಾನಕ್ಕಾಗಿ ಅವಳು ಕಾಯಬೇಕಾಗುವುದಿಲ್ಲ.